ಮಟ್ಟವಾಗಿ ಕಂಡ ಜೀಪು

ಕಳೆದ ವಾರ ಈ ಪುಟದಲ್ಲಿ ಹೊಲಿಗೆಯ ಯಂತ್ರದ ದಾರ ಪದೇ ಪದೇ ತುಂಡಾಗುವ ವಿಚಾರವನ್ನು ಬರೆದಿದ್ದೆ. ಅದನ್ನು ಓದಿದ ನನ್ನ ಅಕ್ಕ ಕೊಪ್ಪದಿಂದ ದೂರವಾಣಿಯಲ್ಲಿ ಮಾತನಾಡುತ್ತಾ, “ಸೂಜಿ ದಾರದ ಮಾತಾಯಿತು. ಇನ್ನು ನಮ್ಮ ಜೀಪಿನ ಕಥೆಯನ್ನೂ ಬರೆದುಬಿಡು. ನಾಲ್ಕು ಮನೆಗಳಿಗೆ ಉಪಕಾರವಾಗಲಿ” ಎಂದಳು. ನಾನು ಮೊದಲು ಹಿಂಜರಿದೆ. ಕೆಸರಿನಲ್ಲಿ ಓಟದ ಸ್ಪರ್ಧೆಗೆ ಹೋಗುವ ಗಾಡಿಯ ಹಿಂಬದಿ ಕುಸಿದ ವೃತ್ತಾಂತ ಸಂಸಾರವಂದಿಗರಿಗೆ ಏತಕ್ಕೆ ಬೇಕು ಎಂಬುದು ನನ್ನ ಸಂಕೋಚವಾಗಿತ್ತು. ಆದರೆ ಅದೇ ಗಾಡಿಯಲ್ಲಿ ಎಂಬತ್ತೆರಡು ವರ್ಷದ ನನ್ನ ತಾಯಿ ಶೃಂಗೇರಿಗೆ ಹೋಗಿ ಬಂದಿದ್ದರೆಂಬುದನ್ನು ನೆನೆದಾಗ ಸಂಕೋಚ ದೂರವಾಯಿತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಜೀಪು ಎಂಬುದು ವಿಲಾಸದ ವಸ್ತುವಲ್ಲ. ಬಸ್ಸು ಹೆದ್ದಾರಿಯಲ್ಲಿ ನಿಲ್ಲುತ್ತದೆ. ಮನೆಯೋ ಅಲ್ಲಿಂದ ಮೈಲಿಯಾಚೆ, ಹಳ್ಳ ದಾಟಿ, ಗುಡ್ಡ ಹತ್ತಿ, ಅಡಿಕೆ ತೋಟದ ನೆತ್ತಿಯ ಮೇಲೆ ಇರುತ್ತದೆ. ಕಾರ್ಮಿಕರೇ ಒಗ್ಗೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಸುಮಾರು ಮೂರು ದಶಕಗಳ ಕಾಲ ಈ ಸೀಮೆಯ ಹಳ್ಳಿಗಳಿಗೆ ಬಸ್ಸುಗಳನ್ನು ಓಡಿಸಿ, 2020ರಲ್ಲಿ ನಿಂತುಹೋಯಿತು. ಅದು ನಿಂತ ಮೇಲಂತೂ ಎಷ್ಟೋ ಮನೆಗಳಿಗೆ ಜೀಪೇ ಗತಿಯಾಯಿತು. ಗೊಬ್ಬರ ತರುವುದಕ್ಕೆ ಅದು, ಮಕ್ಕಳನ್ನು ಶಾಲೆಗೆ ಮುಟ್ಟಿಸುವುದಕ್ಕೆ ಅದು, ಆಷಾಢದ ನಡುರಾತ್ರಿಯಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಅದೇ.

ಈಗಿನ ತರುಣರು ಅದರ ಜೊತೆಗೆ ಇನ್ನೊಂದು ಉಪಯೋಗವನ್ನೂ ಕಂಡುಕೊಂಡಿದ್ದಾರೆ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ಮಣ್ಣು ಹಾದಿಗಳು ಮೋಟಾರು ಓಟಗಾರರಿಗೆ ಪರಿಚಿತವಾಗಿ ಬಹಳ ಕಾಲವಾಯಿತು. ಏಷ್ಯಾ ಪೆಸಿಫಿಕ್ ರ‍್ಯಾಲಿ ಸರಣಿಯ ಭಾರತದ ಸುತ್ತು 2016ರಲ್ಲಿಯೂ 2017ರಲ್ಲಿಯೂ ಚಿಕ್ಕಮಗಳೂರಿನಲ್ಲಿಯೇ ನಡೆಯಿತು. ಆ ಎರಡು ವರ್ಷವೂ ಸರಣಿಯ ಪ್ರಶಸ್ತಿಯನ್ನು ಪಡೆದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. ಅಂಥ ದೊಡ್ಡ ಓಟಗಳನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು ಸಣ್ಣ ಓಟಗಳಿಗೆ ತಮ್ಮ ಮನೆಯ ಜೀಪುಗಳನ್ನೇ ಹೊರಡಿಸುವುದು ಸಹಜವೇ ಆಗಿದೆ. ನನ್ನ ಅಕ್ಕನ ಮಗನೂ ಅವರಲ್ಲಿ ಒಬ್ಬ.

ಅವನ ಜೀಪು ಚಿಕ್ಕದು; ಹಳೆಯದು. ಮುಂದೆಯೂ ಹಿಂದೆಯೂ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಸ್ಪ್ರಿಂಗುಗಳಿವೆ. ಗ್ಯಾರೇಜಿನವರು ಆ ಪಟ್ಟಿಯನ್ನು ಪ್ಲೇಟು ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ಕಳೆದ ಮಳೆಗಾಲಕ್ಕೆ ಮುಂಚೆ ಮುಂಬದಿಯ ಎಡಗಡೆಯ ಕಟ್ಟಿನಲ್ಲಿ ಒಂದು ಪ್ಲೇಟು ಮುರಿಯಿತು. ಹತ್ತಿರದ ಗ್ಯಾರೇಜೊಂದರಲ್ಲಿ ಆ ಕಟ್ಟನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ಹಾಕಿದರು. ಬಲಗಡೆಯದು ಗಟ್ಟಿಯಾಗಿಯೇ ಇದ್ದುದರಿಂದ ಅದರ ತಂಟೆಗೆ ಹೋಗಲಿಲ್ಲ. ಒಂದೇ ಕಟ್ಟಿನ ಹಣ ಕೊಟ್ಟು ಬಂದದ್ದು ಮನೆಯವರಿಗೂ ಸಮಾಧಾನವಾಗಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ, ಹಿಂದಿನಿಂದ ನೋಡಿದರೆ ಜೀಪು ಬಲಕ್ಕೆ ವಾಲಿದಂತೆ ಕಂಡಿತು. ಹಿಂದಿನ ಬಲ ಮೂಲೆ ಎಡ ಮೂಲೆಗಿಂತ ಒಂದು ಬೆರಳಿನ ಅಗಲ, ಎಂದರೆ ಸುಮಾರು ಒಂದೂವರೆ ಸೆಂಟಿಮೀಟರು, ತಗ್ಗಿತ್ತು. ಹುಡುಗ ಮತ್ತೆ ಅದೇ ಗ್ಯಾರೇಜಿಗೆ ಹೋದ. “ಹಿಂದಿನ ಬಲಗಡೆಯ ಪ್ಲೇಟು ಸೋತಿದೆ, ಒಂದು ಪ್ಲೇಟು ಹೆಚ್ಚಿಗೆ ಹಾಕಿದರೆ ಸರಿಹೋಗುತ್ತದೆ” ಎಂದರು. ಹಾಕಿದರು. ಜೀಪು ಎದ್ದು ನಿಂತಿತು. ಹಿಂದಿನಿಂದ ನೋಡಿದರೂ ಮಟ್ಟ, ಮುಂದಿನಿಂದ ನೋಡಿದರೂ ಮಟ್ಟ. “ದಾರ ಹಿಡಿದು ನೋಡಿದೆ ಮಾವ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ” ಎಂದು ನನಗೆ ಹೆಮ್ಮೆಯಿಂದ ಹೇಳಿದ್ದ.

ನವರಾತ್ರಿಯಲ್ಲಿ ನನ್ನ ತಾಯಿಯನ್ನೂ ಎರಡು ಮಕ್ಕಳನ್ನೂ ಕೂರಿಸಿಕೊಂಡು ಹರಿಹರಪುರದ ಮೇಲೆ ಶೃಂಗೇರಿಗೆ ಹೋಗಿ ದರ್ಶನ ಮಾಡಿಸಿಕೊಂಡು ಬಂದ. ರಸ್ತೆ ಒಣಗಿತ್ತು, ವೇಗವೂ ಸಾಧಾರಣವಾಗಿತ್ತು, ಏನೂ ಆಗಲಿಲ್ಲ. ಮರುದಿನ ಸಂಜೆ ಒಂದು ಮಳೆ ಬಿತ್ತು. ಮುಂದಿನ ತಿಂಗಳ ಓಟಕ್ಕೆ ಅಭ್ಯಾಸವಾಗಲೆಂದು ಅವನು ತಮ್ಮ ತೋಟದ ಇಳಿಜಾರು ಹಾದಿಯಲ್ಲಿಯೇ ಜೀಪನ್ನು ಓಡಿಸಿದ. ತಿರುವಿಗೆ ಮುಂಚೆ ಬ್ರೇಕು ತುಳಿದಾಗ ಗಾಡಿ ಅವನ ಮಾತು ಕೇಳಲಿಲ್ಲ. ಸ್ಟೇರಿಂಗು ಬಲಕ್ಕೆ ತಿರುಗಿದ್ದರೂ ಮೂಗು ಎಡಕ್ಕೆ ಎಳೆಯಿತು. ಎಡಗಡೆ ಹತ್ತು ಅಡಿ ಕೆಳಗೆ ಅಡಿಕೆ ತೋಟ. ಅಂಚಿನಲ್ಲಿದ್ದ ಒಂದು ಹಲಸಿನ ಮರ ಬಂಪರಿಗೆ ಅಡ್ಡವಾಗಿರದಿದ್ದರೆ ಈ ಲೇಖನ ಬೇರೊಂದು ಬಗೆಯದಾಗಿರುತ್ತಿತ್ತು.

ಅಕ್ಕನಿಗೆ ಸಿಟ್ಟು ಬಂದದ್ದು ಆಶ್ಚರ್ಯವಲ್ಲ. ಓಟದ ಹುಚ್ಚು ಬಿಡಬೇಕು, ಜೀಪು ಮಾರಬೇಕು ಎಂದಳು. ಮಗ ತಾನೇ ತಪ್ಪಿದೆನೆಂದು ತಲೆ ತಗ್ಗಿಸಿದ. ನಾನು ಆ ವಾರ ಊರಿಗೆ ಹೋಗಿದ್ದವನು, “ಮಾರುವುದಾದರೆ ಮಾರಿ. ಆದರೆ ಕೊಳ್ಳುವವನ ಮನೆಯಲ್ಲಿಯೂ ಒಬ್ಬ ಅಜ್ಜಿ ಇರುತ್ತಾರಲ್ಲ, ಮೊದಲು ಕಾರಣ ತಿಳಿಯೋಣ” ಎಂದೆ. ಯಾರೋ ನರಸಿಂಹರಾಜಪುರದಲ್ಲಿ ಒಬ್ಬ ವೃದ್ಧ ಮೇಸ್ತ್ರಿಯ ಗುರುತು ಹೇಳಿದರು. ಬಸ್ಸು, ಲಾರಿಗಳ ಪ್ಲೇಟು ಕೆಲಸದಲ್ಲಿಯೇ ಆಯುಷ್ಯ ಕಳೆದವರು. ನಿಧಾನವಾಗಿ, ಮೊದಲನೆಯ ಗೇರಿನಲ್ಲಿಯೂ ಎರಡನೆಯದರಲ್ಲಿಯೂ, ಅಲ್ಲಿಗೆ ಹೋದೆವು.

ಮೇಸ್ತ್ರಿಗಳು ಜೀಪಿನ ಸುತ್ತ ಒಂದು ಸುತ್ತು ಬಂದರು. ಹುಡುಗ, “ನೋಡಿ, ಮಟ್ಟ ಸರಿಯಾಗಿದೆ” ಎಂದ. ಅವರು ನಕ್ಕು, “ಮಟ್ಟ ಕಣ್ಣಿಗೆ ಮಾರಾಯ್ರೆ. ಚಕ್ರಕ್ಕೆ ಬೇಕಾದ್ದು ತೂಕ” ಎಂದು ಹೇಳಿ, ತಮ್ಮ ಪಕ್ಕದ ಅಡಿಕೆ ಮಂಡಿಯಿಂದ ಮೂಟೆ ತೂಗುವ ತಕ್ಕಡಿಯನ್ನು ಕೇಳಿ ತರಿಸಿದರು.

ಇಲ್ಲಿ ವಾಚಕರು ಕ್ಷಣಕಾಲ ಜೀಪನ್ನು ಮರೆತು ಮನೆಯ ಮಂಚವನ್ನು ನೆನೆಯಬೇಕು. ಮುಕ್ಕಾಲಿ ಪೀಠ ಎಂಥ ನೆಲದ ಮೇಲೂ ಅಲುಗದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮಂಚ ಹಾಗಲ್ಲ. ಅದರ ಒಂದು ಕಾಲಿನ ಕೆಳಗೆ ಒಂದು ಚಕ್ಕೆ ಇಟ್ಟರೆ ಏನಾಗುತ್ತದೆ? ಆ ಕಾಲೂ, ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಾದ ಕಾಲೂ ಭಾರವನ್ನೆಲ್ಲ ಹೊರುತ್ತವೆ. ಉಳಿದೆರಡು ಕಾಲುಗಳು ಹಗುರಾಗಿ ಲಟಲಟ ಅನ್ನುತ್ತವೆ. ಈಗ ಮಂಚಕ್ಕೆ ಕಾಲುಗಳ ಬದಲು ನಾಲ್ಕು ಸ್ಪ್ರಿಂಗುಗಳನ್ನು ಹಾಕಿದ್ದೀರೆಂದು ಭಾವಿಸಿ. ಲಟಲಟ ಎಂಬ ಸದ್ದು ನಿಲ್ಲುತ್ತದೆ, ಏಕೆಂದರೆ ಸ್ಪ್ರಿಂಗು ಹಿಗ್ಗಿ ನೆಲವನ್ನು ಮುಟ್ಟಿಕೊಂಡೇ ಇರುತ್ತದೆ. ಆದರೆ ಭಾರದ ಅಸಮತೆ ಮಾತ್ರ ಹಾಗೆಯೇ ಉಳಿಯುತ್ತದೆ. ದೋಷ ಹೋಗಲಿಲ್ಲ, ಅದರ ಸದ್ದು ಹೋಯಿತು.

ಸ್ಪ್ರಿಂಗು ಭಾರಕ್ಕೆ ತಕ್ಕಷ್ಟೇ ಬಾಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿ ಪ್ರಕಟಿಸಿದ. ಹಿಂದೆ ತರಕಾರಿಯವರು ಕೈಯಲ್ಲಿ ಹಿಡಿಯುತ್ತಿದ್ದ ಸ್ಪ್ರಿಂಗ್ ತಕ್ಕಡಿ ಆ ನಿಯಮದ ಮೇಲೆಯೇ ನಡೆಯುತ್ತದೆ. ಲೆಕ್ಕ ಸುಲಭವಾಗಲೆಂದು, ಜೀಪಿನ ಒಂದೊಂದು ಸ್ಪ್ರಿಂಗೂ 25 ಕಿಲೋ ಭಾರಕ್ಕೆ ಒಂದು ಸೆಂಟಿಮೀಟರು ತಗ್ಗುತ್ತದೆ ಎಂದಿಟ್ಟುಕೊಳ್ಳೋಣ. ಮುಂದಿನ ಎಡಗಡೆಗೆ ಹಾಕಿದ ಹೊಸ ಕಟ್ಟು ಹಳೆಯದಕ್ಕಿಂತ 3 ಸೆಂಟಿಮೀಟರು ಎತ್ತರವಾಗಿತ್ತು. ಗಾಡಿಯ ಚಾಸಿ ಬಾಗದ ಚೌಕಟ್ಟಾದುದರಿಂದ ಆ 3 ಸೆಂಟಿಮೀಟರನ್ನು ನಾಲ್ಕು ಸ್ಪ್ರಿಂಗುಗಳೂ ಹಂಚಿಕೊಳ್ಳಬೇಕಾಗುತ್ತದೆ. ಒಂದೊಂದರ ಪಾಲಿಗೆ ಮುಕ್ಕಾಲು ಸೆಂಟಿಮೀಟರು. ಮುಂದಿನ ಎಡದ್ದೂ ಹಿಂದಿನ ಬಲದ್ದೂ ಅಷ್ಟು ಹೆಚ್ಚಾಗಿ ಒತ್ತಿಕೊಳ್ಳುತ್ತವೆ. ಉಳಿದೆರಡು ಅಷ್ಟು ಹಿಗ್ಗುತ್ತವೆ. ಆದುದರಿಂದ ಹಿಂದಿನ ಬಲ ಮೂಲೆ ಮುಕ್ಕಾಲು ಸೆಂಟಿಮೀಟರು ಇಳಿಯುತ್ತದೆ, ಹಿಂದಿನ ಎಡ ಮೂಲೆ ಮುಕ್ಕಾಲು ಸೆಂಟಿಮೀಟರು ಏರುತ್ತದೆ. ಎರಡರ ವ್ಯತ್ಯಾಸ ಒಂದೂವರೆ ಸೆಂಟಿಮೀಟರು. ನನ್ನ ಸೋದರಳಿಯ ಕಂಡದ್ದು ಇದನ್ನೇ. ಹಿಂದಿನ ಬಲಗಡೆಯ ಪ್ಲೇಟು ಸೋತಿರಲಿಲ್ಲ. ಅದು ಎದುರು ಮೂಲೆಯ ಭಾರವನ್ನು ಹೊತ್ತುಕೊಂಡು ಬಾಗಿತ್ತು, ಅಷ್ಟೆ.

ಮುಂದಿನದು ಇನ್ನೂ ವಿಚಿತ್ರವಾದುದು. ಹಿಂದಿನ ಬಲಗಡೆಗೂ ಒಂದು ಪ್ಲೇಟು ಸೇರಿಸಿ ಅದನ್ನೂ 3 ಸೆಂಟಿಮೀಟರು ಎತ್ತರಿಸಿದಾಗ ಅದೇ ಲೆಕ್ಕ ಮತ್ತೊಮ್ಮೆ ನಡೆಯುತ್ತದೆ. ಕಾಗದದ ಮೇಲೆ ಕೂಡಿ ಕಳೆದು ನೋಡಿದರೆ, ಗಾಡಿಯ ನಾಲ್ಕು ಮೂಲೆಗಳೂ ಮೊದಲಿಗಿಂತ ಒಂದೂವರೆ ಸೆಂಟಿಮೀಟರು ಎದ್ದು ನಿಲ್ಲುತ್ತವೆ. ಎಲ್ಲ ಮೂಲೆಗಳೂ ಸಮ. ದಾರ ಹಿಡಿದರೂ ಸಮ, ನೀರಿನ ಮಟ್ಟ ಹಿಡಿದರೂ ಸಮ. ಆದರೆ ಭಾರದ ಅಸಮತೆ ಮೊದಲಿದ್ದುದರ ಎರಡರಷ್ಟಾಗಿರುತ್ತದೆ! ರೋಗದ ಚಿಹ್ನೆಯನ್ನು ಅಳಿಸಿದ ಔಷಧವೇ ರೋಗವನ್ನು ಇಮ್ಮಡಿ ಮಾಡಿತ್ತು.

ಮೇಸ್ತ್ರಿಗಳಿಗೆ ಈ ಲೆಕ್ಕ ಬೇಕಾಗಿರಲಿಲ್ಲ; ತಕ್ಕಡಿ ಸಾಕಾಗಿತ್ತು. ಮಂಡಿಯ ಸಿಮೆಂಟು ನೆಲದ ಮೇಲೆ ಜೀಪನ್ನು ನಿಲ್ಲಿಸಿ, ಒಂದು ಚಕ್ರದ ಕೆಳಗೆ ತಕ್ಕಡಿಯನ್ನೂ ಉಳಿದ ಮೂರರ ಕೆಳಗೆ ಅದರಷ್ಟೇ ದಪ್ಪದ ಹಲಗೆಗಳನ್ನೂ ಇಟ್ಟರು. ಹುಡುಗನನ್ನು ಅವನ ಜಾಗದಲ್ಲಿಯೇ ಕೂರಿಸಿದರು. ನಾಲ್ಕು ಸಲ ಸ್ಥಳ ಬದಲಾಯಿಸಿ ತೂಗಿದಾಗ ಬಂದ ಅಂಕಿಗಳು ಇವು. ಮುಂದಿನ ಎಡ ಚಕ್ರ 320 ಕಿಲೋ, ಮುಂದಿನ ಬಲ 250. ಹಿಂದಿನ ಎಡ 215, ಹಿಂದಿನ ಬಲ 305. ಎಡಗಡೆಯ ಎರಡು ಸೇರಿ 535, ಬಲಗಡೆಯ ಎರಡು ಸೇರಿ 555. ಚಾಲಕ ಬಲಕ್ಕೆ ಕೂರುವುದರಿಂದ ಅದು ಸರಿಯಾಗಿಯೇ ಇದೆ. ಮೂಲೆಯಿಂದ ಮೂಲೆಗೆ ಕೂಡಿ ನೋಡಿದಾಗ ಮಾತ್ರ ಗುಟ್ಟು ಹೊರಬಿತ್ತು. ಒಂದು ಕರ್ಣದ ಮೇಲೆ 625 ಕಿಲೋ. ಇನ್ನೊಂದರ ಮೇಲೆ 465.

“ನಿಮ್ಮ ಜೀಪು ಎರಡು ಕಾಲಿನ ಮೇಲೆ ನಿಂತಿದೆ ಮಾರಾಯ್ರೆ. ಉಳಿದೆರಡು ಬರೀ ನೆಲ ಮುಟ್ಟಿಕೊಂಡಿವೆ” ಎಂದರು ಮೇಸ್ತ್ರಿಗಳು.

ಬ್ರೇಕು ತುಳಿದಾಗ ಗಾಡಿ ಎಡಕ್ಕೆ ಎಳೆದುದರ ಕಾರಣವೂ ಇದರಲ್ಲಿಯೇ ಇದೆ. ಬ್ರೇಕು ಮುಂದಿನ ಎರಡು ಚಕ್ರಗಳನ್ನೂ ಒಂದೇ ಬಲದಿಂದ ಹಿಡಿಯುತ್ತದೆ. ಆದರೆ ಚಕ್ರ ನೆಲವನ್ನು ಹಿಡಿಯುವ ಶಕ್ತಿ ಅದರ ಮೇಲಿರುವ ಭಾರವನ್ನು ಅವಲಂಬಿಸಿದೆ. ಒಣ ಡಾಂಬರು ರಸ್ತೆಯಲ್ಲಿ, ಮೆಲ್ಲಗೆ ತುಳಿದಾಗ, ಎರಡು ಚಕ್ರಗಳಿಗೂ ಸಾಕಾಗುವಷ್ಟು ಹಿಡಿತ ಇರುತ್ತದೆ, ವ್ಯತ್ಯಾಸ ತೋರದು. ಆದುದರಿಂದಲೇ ಶೃಂಗೇರಿಯ ಪ್ರಯಾಣ ಸುಖವಾಗಿ ಮುಗಿಯಿತು. ಒದ್ದೆ ಮಣ್ಣಿನ ಇಳಿಜಾರಿನಲ್ಲಿ ಗಟ್ಟಿಯಾಗಿ ತುಳಿದಾಗ 250 ಕಿಲೋ ಹೊತ್ತ ಬಲ ಚಕ್ರ ಮೊದಲು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. 320 ಕಿಲೋ ಹೊತ್ತ ಎಡ ಚಕ್ರ ನೆಲವನ್ನು ಕಚ್ಚಿ ಹಿಡಿದೇ ಇರುತ್ತದೆ. ಹಿಡಿತ ಇರುವ ಕಡೆಗೆ ಗಾಡಿ ತಿರುಗುತ್ತದೆ. ಜಾರುವ ಚಕ್ರಕ್ಕೆ ಸ್ಟೇರಿಂಗಿನ ಆಜ್ಞೆ ನಡೆಯದು. ದಾರಿಯಲ್ಲಿ ಮಳೆ ಒಂದು ದಿನ ಮುಂಚೆ ಬಂದಿದ್ದರೆ, ಎದುರಿಗೆ ಲಾರಿಯೊಂದು ಹಠಾತ್ತಾಗಿ ಬಂದಿದ್ದರೆ ಎಂದು ಅಕ್ಕ ಆಮೇಲೆ ಎಷ್ಟೋ ಸಲ ಹೇಳಿದಳು. ನಾನು ಉತ್ತರ ಕೊಡಲಿಲ್ಲ.

ಅಮೆರಿಕದಲ್ಲಿ ಅಂಡಾಕಾರದ ಮಣ್ಣಿನ ಓಟದ ಹಾದಿಗಳಿವೆ. ಅಲ್ಲಿ ಗಾಡಿಗಳು ಸಾಮಾನ್ಯವಾಗಿ ಸದಾ ಎಡಕ್ಕೇ ತಿರುಗುತ್ತಾ ಓಡುತ್ತವೆ. ಅಲ್ಲಿಯ ಓಟಗಾರರು ನಾಲ್ಕು ಮೂಲೆಗಳಿಗೂ ನಾಲ್ಕು ಬಗೆಯ ಸ್ಪ್ರಿಂಗು ಹಾಕಿ, ಕರ್ಣದ ಭಾರವನ್ನು ಬೇಕೆಂದೇ ಹೆಚ್ಚು ಕಡಿಮೆ ಮಾಡಿಕೊಳ್ಳುವುದುಂಟು. ಆದರೆ ಅವರು ಪ್ರತಿಯೊಂದು ಓಟಕ್ಕೆ ಮುಂಚೆಯೂ ನಾಲ್ಕು ತಕ್ಕಡಿಗಳ ಮೇಲೆ ಗಾಡಿಯನ್ನು ನಿಲ್ಲಿಸಿ, ಎಷ್ಟು ಕಿಲೋ ಎಲ್ಲಿದೆ ಎಂದು ತಿಳಿದು ಮಾಡುವ ಕೆಲಸ ಅದು. ನಮ್ಮ ಗುಡ್ಡದ ಹಾದಿ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಇಲ್ಲಿ ಎರಡು ಕರ್ಣಗಳೂ ಸಮವಾಗಿರುವುದೇ ಕ್ಷೇಮ.

ಮೇಸ್ತ್ರಿಗಳು ಕೆಲಸಕ್ಕೆ ತೊಡಗಿದರು. ಹಿಂದಿನ ಬಲಗಡೆಯ ಕಟ್ಟಿನ ತುದಿಯ ಬೋಲ್ಟನ್ನು ಸಡಿಲಿಸಿದೊಡನೆಯೇ ‘ಟಪ್’ ಎಂದು ಸದ್ದಾಗಿ ಗಾಡಿ ಕೊಂಚ ಇಳಿಯಿತು. “ಇದೂ ಒಂದು ಸುಳ್ಳು ಎತ್ತರ” ಎಂದರು. ಪ್ಲೇಟಿನ ತುದಿಗಳಲ್ಲಿ ರಬ್ಬರಿನ ಬುಶ್ಶುಗಳಿರುತ್ತವೆ. ಚಕ್ರವನ್ನು ನೆಲದಿಂದ ಎತ್ತಿ, ಆಕ್ಸಲ್ ಜೋತುಬಿದ್ದಿರುವಾಗಲೇ ಬೋಲ್ಟನ್ನು ಬಿಗಿದರೆ ರಬ್ಬರು ಆ ಸ್ಥಿತಿಯಲ್ಲಿಯೇ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಇಳಿಸಿದಾಗ ಅದು ತಿರುಚಿಕೊಂಡು, ತಾನೇ ಒಂದು ಸ್ಪ್ರಿಂಗಿನಂತೆ ಗಾಡಿಯನ್ನು ಮೇಲಕ್ಕೆ ಒತ್ತುತ್ತದೆ. ಕೆಲವು ದಿನ ಎತ್ತರ ಚೆನ್ನಾಗಿರುತ್ತದೆ. ಆಮೇಲೆ ರಬ್ಬರು ಹರಿದು ಗಾಡಿ ಕುಸಿಯುತ್ತದೆ. ಆಗ ಮತ್ತೆ ಪ್ಲೇಟಿನ ಮೇಲೆಯೇ ಗೂಬೆ ಕೂರುತ್ತದೆ! ಈ ಬೋಲ್ಟುಗಳನ್ನು ಕೊನೆಯ ಬಾರಿಗೆ ಬಿಗಿಯಬೇಕಾದುದು ನಾಲ್ಕು ಚಕ್ರಗಳೂ ನೆಲದ ಮೇಲಿದ್ದು, ಗಾಡಿಯ ಪೂರ್ತಿ ಭಾರ ಅವುಗಳ ಮೇಲೆ ಕುಳಿತಾಗ.

ಹೆಚ್ಚಿಗೆ ಹಾಕಿದ್ದ ಪ್ಲೇಟನ್ನು ತೆಗೆದುಹಾಕಿದರು. ಅದು ಉಳಿದವುಗಳಿಗಿಂತ ದಪ್ಪವಾಗಿತ್ತು. ಪ್ಲೇಟಿನ ಗಡಸುತನ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 6 ಮಿಲಿಮೀಟರಿನ ಪ್ಲೇಟಿಗೆ ಬದಲು 7 ಮಿಲಿಮೀಟರಿನದನ್ನು ಹಾಕಿದರೆ ದಪ್ಪ ಆರರಲ್ಲಿ ಒಂದು ಪಾಲು ಮಾತ್ರ ಹೆಚ್ಚುತ್ತದೆ; ಆ ಪ್ಲೇಟಿನ ಗಡಸುತನವಾದರೋ ನೂರಕ್ಕೆ 59ರಷ್ಟು ಏರುತ್ತದೆ. ಹೀಗೆ ಗಡಸಾದ ಸ್ಪ್ರಿಂಗು ಹೊಂಡ ದಿಣ್ಣೆಗಳ ಮೇಲೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದಿಲ್ಲ; ಚಕ್ರ ಕುಪ್ಪಳಿಸುತ್ತದೆ. ಆದುದರಿಂದ ಎತ್ತರಕ್ಕಾಗಿ ದಪ್ಪ ಪ್ಲೇಟು ಸೇರಿಸುವುದು ಓಟದ ಗಾಡಿಗೂ ಹಿತವಲ್ಲ, ಅಜ್ಜಿಯ ಬೆನ್ನಿಗೂ ಹಿತವಲ್ಲ.

ಬಳಿಕ ಮುಂದಿನ ಬಲಗಡೆಗೆ, ಎಡಗಡೆಯದರ ಅಳತೆಯದೇ ಆದ ಹೊಸ ಕಟ್ಟನ್ನು ಹಾಕಿದರು. “ಒಂದೇ ಬದಿಗೆ ಹೊಸ ಪ್ಲೇಟು ಹಾಕುವುದೆಂದರೆ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ನಡೆದ ಹಾಗೆ. ಹಾಕಿದರೆ ಜೋಡಿ ಹಾಕಬೇಕು” ಎಂಬುದು ಅವರ ಮಾತು. ಹಿಂದಿನ ಎರಡು ಕಟ್ಟುಗಳನ್ನೂ ಬಿಚ್ಚಿ, ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾಗಿದ್ದ ಪ್ಲೇಟುಗಳಿಗೆ ಸಮನಾಗಿ ಬಾಗು ಕೊಡಿಸಿ, ಜೋಡಿಯಾಗಿಯೇ ಏರಿಸಿದರು. ಮಾರನೆಯ ದಿನ ತೂಗಿದಾಗ ಮುಂದಿನ ಎಡ 280, ಮುಂದಿನ ಬಲ 290. ಹಿಂದಿನ ಎಡ 255, ಹಿಂದಿನ ಬಲ 265. ಕರ್ಣಗಳು 545, 545. ಗಾಡಿ ಕಣ್ಣಿಗೆ ಮೊದಲಿನಷ್ಟೇ ಮಟ್ಟವಾಗಿತ್ತು. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿರಲಿಲ್ಲ.

ಈ ತೂಕದ ಕೆಲಸವನ್ನು ಎಲ್ಲರೂ ಮಾಡಲಾಗದೆಂಬುದು ನನಗೆ ಗೊತ್ತು. ಆದರೆ ಗಾಡಿಯ ಹಿಂಬದಿ ಕುಸಿದಾಗ ಗ್ಯಾರೇಜಿಗೆ ಹೋಗುವ ಮುನ್ನ ಮನೆಯ ಯಜಮಾನರಾಗಲಿ ಯಜಮಾನಿಯಾಗಲಿ ಮಾಡಬಹುದಾದ ಪರೀಕ್ಷೆಗಳು ಕೆಲವಿವೆ. ಅವನ್ನು ಮೇಸ್ತ್ರಿಗಳು ಹೇಳಿದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಟೈರು. ನಾಲ್ಕರಲ್ಲಿಯೂ ಹೇಳಿದಷ್ಟು ಗಾಳಿ ಇದೆಯೇ, ಒಂದೇ ಅಳತೆಯವೇ, ಒಂದು ಹೊಸದು ಒಂದು ಸವೆದದ್ದು ಎಂಬಂತಿದೆಯೇ ಎಂದು ನೋಡಬೇಕು. ಎಷ್ಟೋ ಗಾಡಿಗಳ ಕುಸಿತ ಗಾಳಿಯ ಪಂಪಿನಲ್ಲಿಯೇ ವಾಸಿಯಾಗುತ್ತದೆ. ಎರಡನೆಯದು ಭಾರ. ಹಿಂದಿನ ಸೀಟಿನ ಕೆಳಗೆ ಮರೆತ ಸರಪಳಿ, ಹಾರೆ, ನೀರಿನ ಕ್ಯಾನು ಇವುಗಳನ್ನು ಇಳಿಸಬೇಕು. ಮಲೆನಾಡಿನಲ್ಲಿ ಮಡ್ಗಾರ್ಡುಗಳ ಒಳಗೆ ಮೆತ್ತಿಕೊಂಡ ಕೆಂಪು ಕೆಸರೇ ಸಣ್ಣ ಮೂಟೆಯಷ್ಟಿರುತ್ತದೆ, ತೊಳೆಯದೆ ಅಳೆಯಬಾರದು.

ಮೂರನೆಯದು ನೆಲ. ಅಂಗಳದ ಇಳಿಜಾರಿನಲ್ಲಿ ಅಳೆದ ಅಳತೆ ಅಳತೆಯೇ ಅಲ್ಲ. ಮಟ್ಟವಾದ ಸಿಮೆಂಟು ನೆಲ ಬೇಕು. ಜಾಕಿನಿಂದ ಇಳಿಸಿದೊಡನೆಯೇ ಅಳೆಯಲೂ ಬಾರದು. ಪ್ಲೇಟುಗಳು ಒಂದರ ಮೇಲೊಂದು ಉಜ್ಜಿಕೊಂಡು ಅಂಟಿದಂತೆ ನಿಂತುಬಿಡುತ್ತವೆ. ಗಾಡಿಯನ್ನು ಹತ್ತಾರು ಅಡಿ ಹಿಂದೆ ಮುಂದೆ ಓಡಿಸಿ, ಮೂಲೆಗಳನ್ನು ಎರಡೆರಡು ಸಲ ಒತ್ತಿ ಬಿಟ್ಟು, ಆಮೇಲೆ ಟೇಪು ಹಿಡಿಯಬೇಕು. ನೆಲದಿಂದಲ್ಲ, ಆಕ್ಸಲಿನಿಂದ ಅದರ ನೇರ ಮೇಲಿರುವ ಚಾಸಿಯವರೆಗೆ ಅಳೆಯಬೇಕು; ಆಗ ಟೈರಿನ ದೋಷ ಸ್ಪ್ರಿಂಗಿನ ಲೆಕ್ಕದಲ್ಲಿ ಬೆರೆಯುವುದಿಲ್ಲ. ನಾಲ್ಕು ಮೂಲೆಗಳ ಅಳತೆಯನ್ನೂ ಬರೆದಿಡಬೇಕು. ಕುಸಿದ ಮೂಲೆಯೊಂದನ್ನೇ ಅಳೆಯುವವನಿಗೆ ಎದುರು ಮೂಲೆಯ ಚಕ್ಕೆ ಎಂದಿಗೂ ಕಾಣದು.

ನಾಲ್ಕನೆಯದು ಕಣ್ಣಿನ ಪರೀಕ್ಷೆ. ಕಟ್ಟನ್ನು ತೊಳೆದು, ಒರೆಸಿ, ದೀಪ ಹಿಡಿದು ನೋಡಿದರೆ ಬಿರುಕುಬಿಟ್ಟ ಪ್ಲೇಟಿನ ಮೇಲೆ ಕೂದಲಿನಂಥ ತುಕ್ಕಿನ ಗೆರೆ ಕಾಣುತ್ತದೆ. ಪ್ಲೇಟುಗಳನ್ನು ಪೋಣಿಸಿದ ನಡುವಿನ ಬೋಲ್ಟು ತುಂಡಾಗಿದ್ದರೆ ಆಕ್ಸಲ್ ಒಂದು ಕಡೆಗೆ ಸರಿದಿರುತ್ತದೆ. ಹಿಂದಿನ ಚಕ್ರಗಳ ಜಾಡು ಮುಂದಿನವುಗಳ ಜಾಡಿಗೆ ಹೊಂದುವುದಿಲ್ಲ. ಈ ಪರೀಕ್ಷೆಗಾಗಿ ಬರೀ ಜಾಕಿನ ಆಧಾರದ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು ಎಂಬುದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ.

ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಗಾಡಿ ಏಳುತ್ತದೆ ಎಂಬ ನಂಬಿಕೆಯೂ ಬಹಳ ಮಂದಿಗಿದೆ. ಎಣ್ಣೆ ತುಂಬಿದ ಸಾಮಾನ್ಯ ಶಾಕ್ ಅಬ್ಸಾರ್ಬರ್ ಭಾರವನ್ನು ಹೊರುವುದೇ ಇಲ್ಲ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದಷ್ಟೇ ಅದರ ಕೆಲಸ. ಇನ್ನು, ಹಿಂಬದಿ ಕುಸಿದ ಗಾಡಿಯ ಮುಂದಿನ ದೀಪಗಳು ಆಕಾಶಮುಖವಾಗಿ ಎದುರಿನವರ ಕಣ್ಣು ಕುಕ್ಕುತ್ತವೆ. ಕೆಲವು ವಾಹನಗಳಲ್ಲಿ ಹಿಂಬದಿಯ ಎತ್ತರವನ್ನು ನೋಡಿಕೊಂಡು ಹಿಂದಿನ ಬ್ರೇಕಿನ ಬಲವನ್ನು ಹೊಂದಿಸುವ ಒಂದು ಕವಾಟವೂ ಇರುತ್ತದೆ. ಗಾಡಿ ಕುಸಿದಿದ್ದರೆ ಅದು ಭಾರ ತುಂಬಿದೆಯೆಂದು ತಪ್ಪು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಬಲ ಕೊಡುತ್ತದೆ. ಆದುದರಿಂದ ಎತ್ತರದ ವಿಚಾರ ಅಂದಚೆಂದದ ವಿಚಾರವಲ್ಲ.

ಹಿಂದಿರುಗುವಾಗ ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಭದ್ರೆಯ ಹಿನ್ನೀರಿನ ಸೀಮೆ ಹಿಂದೆ ಸರಿದು ಕೊಪ್ಪದ ದಾರಿ ಹಿಡಿದ ಮೇಲೆ, “ನಾನು ಅಳೆದಿದ್ದೆನಲ್ಲ ಮಾವ” ಎಂದ. ಅಳೆದದ್ದು ನಿಜ, ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಗ್ಯಾರೇಜಿನವರದೂ ವಂಚನೆಯಲ್ಲ, ಕುಸಿದದ್ದನ್ನು ಎತ್ತಿ ಎಂದರು, ಎತ್ತಿದರು. ಅದು ಏಕೆ ಕುಸಿಯಿತು ಎಂದು ಕೇಳುವಷ್ಟು ಸಮಯವನ್ನು ಯಾರೂ ಕೊಡಲಿಲ್ಲ.

ಮುಂದಿನ ತಿಂಗಳ ಓಟದಲ್ಲಿ ಅವನಿಗೆ ಬಹುಮಾನ ಬರಲಿಲ್ಲ. ಹಿಂಡಿನ ನಡುವೆ ಎಲ್ಲೋ ಮುಗಿಸಿದ. ಎರಡು ಕಡೆಯ ತಿರುವುಗಳಲ್ಲಿಯೂ ಗಾಡಿ ಒಂದೇ ರೀತಿ ನಡೆಯಿತೆಂದು ಸಂತೋಷಪಟ್ಟ. ಅಕ್ಕ ಜೀಪನ್ನು ಮಾರಲಿಲ್ಲ. ಆದರೆ ಅವಳ ಹೊಲಿಗೆಯ ಪೆಟ್ಟಿಗೆಯಲ್ಲಿದ್ದ ಅಳತೆಯ ಟೇಪು ಈಗ ಜೀಪಿನ ಕೀಲಿಯ ಜೊತೆಗೆ ಒಂದೇ ಮೊಳೆಗೆ ತೂಗುತ್ತಿದೆ. ಪಕ್ಕದಲ್ಲಿ ಕ್ಯಾಲೆಂಡರಿನ ಹಿಂಬದಿಯಲ್ಲಿ ತಿಂಗಳಿಗೊಮ್ಮೆ ನಾಲ್ಕು ಅಂಕಿಗಳು ಏರುತ್ತವೆ. ತಾಯಿಯನ್ನು ಎಲ್ಲಿಗಾದರೂ ಕರೆದೊಯ್ಯುವ ದಿನ, ಹೊರಡುವ ಮುನ್ನ ಆ ಅಂಕಿಗಳನ್ನು ಓದಿ ಹೇಳುವುದು ಮಗನ ಪಾಲಿನ ಕೆಲಸ.

ಮುಂದಿನ ವಾರ, ಬಾವಿಯ ನೀರೆತ್ತುವ ಪಂಪು ನೀರಿದ್ದೂ ಬರಿದೇ ಓಡುವುದೇಕೆ ಎಂಬುದನ್ನು ನೋಡೋಣ.